ಬೇರುಹುಳುವೂ ತೋಟದ ಹಳ್ಳವೂ
(ಅಂತಿಮ ಬಿ. ಎ. ವಿದ್ಯಾರ್ಥಿ)

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಡಿಕೆ ಬೆಳೆಗಾರರು ಹಳದಿ ಎಲೆ ರೋಗದ ಹೆಸರು ಕೇಳಿದರೇ ನಡುಗುತ್ತಾರೆ. ಅದನ್ನು ಗುಣಪಡಿಸುವ ಮದ್ದಿಲ್ಲ. ಆದರೆ ಹಳದಿಯಾದುದೆಲ್ಲವೂ ಆ ರೋಗವಲ್ಲವೆಂಬ ಪಾಠವನ್ನು ನಾನು ನಮ್ಮ ಅರ್ಧ ಎಕರೆ ತೋಟದಲ್ಲಿ ಕಲಿತೆನು.

ಕಳೆದ ವರ್ಷ ಮಳೆಗಾಲ ಕಳೆಯುತ್ತಲೇ ನಮ್ಮ ಮರಗಳ ಸೋಗೆ ಹಳದಿಯಾಯಿತು. “ಇನ್ನು ತೋಟದ ಆಸೆ ಬಿಡು, ಮಗ” ಎಂದರು ಅಪ್ಪಯ್ಯ. ಹಳದಿ ರೋಗದಲ್ಲಿ ಅಡಿಕೆಯ ತಿರುಳು ಕರಿಯಾಗುವುದು, ನಮ್ಮದು ಹಾಗಿರಲಿಲ್ಲ. ಎಳೆಯ ಮರವೊಂದು ಕೈಯಿಟ್ಟು ತಳ್ಳಿದರೆ ಅಲುಗಾಡಿತು. ಬುಡ ಅಗೆದೆವು. ಬೇರಿದ್ದ ಎಡೆಯಲ್ಲಿ ಕೊಕ್ಕೆಯಂತೆ ಬಾಗಿದ ಬಿಳಿಯ ಗೊಣ್ಣೆಹುಳುಗಳು! ಮುಂಗಾರಿನ ಮೊದಲ ಮಳೆಗಳಾದ ಮೇಲೆ ಮುಸ್ಸಂಜೆ ಮಣ್ಣಿನಿಂದೇಳುವ ಕಂದು ದುಂಬಿಗಳ ಮರಿಹುಳುಗಳಿವು. ಗಾಲ್ಫ್ ಮೈದಾನದ ಹುಲ್ಲುಹಾಸನ್ನು ಒಣಗಿಸುವ ಹುಳುಗಳೂ ಇವುಗಳ ಕುಲಬಂಧುಗಳೇ.

ನೀರು ಬಸಿಯದ ತೋಟದಲ್ಲಿ ಇವುಗಳ ಹಾವಳಿ ಹೆಚ್ಚು. ನಮ್ಮ ಹಳ್ಳದಲ್ಲಿ ಹೂಳು ತುಂಬಿ, ಕಪ್ಪುಗಾಲುವೆಗಳ ನೀರು ಹೊರಹೋಗದೆ ನಿಂತಿತ್ತು. ಬೇಸಗೆಯ ರಜೆಯಲ್ಲಿ ನೆರೆಯವರೊಡನೆ ಹೂಳೆತ್ತಿದೆವು, ಕಪ್ಪುಗಳನ್ನು ಆಳಗೊಳಿಸಿದೆವು, ಬುಡ ಅಗೆದು ಹುಳು ಹೆಕ್ಕಿದೆವು. ಮಳೆ ಹಿಡಿದೊಡನೆ ದಂಡೆ ಕುಸಿಯದಂತೆ ವಾಟೆ, ಮುಂಡುಗಗಳನ್ನು ನೆಟ್ಟು, ಸಂಜೆಗಳಲ್ಲಿ ದುಂಬಿಗಳನ್ನು ಹಿಡಿದು ಕೊಂದೆವು.

ಎಲ್ಲ ಮರಗಳೂ ಉಳಿಯಲಿಲ್ಲ. ಉಳಿದವುಗಳಲ್ಲಿ ಹೊಸ ಬೇರು ಮೂಡಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಆದರೂ ಅಕ್ಷರವರಿಯದ ಅಪ್ಪಯ್ಯನೇ ಗುದ್ದಲಿ ಹಿಡಿದು ಮುಂದೆ ನಡೆದರು. ಮಿತ್ರರೆ, ಹಣೆಬರಹವೆಂದು ಕೈಚೆಲ್ಲುವ ಮೊದಲು ಬುಡವನ್ನೊಮ್ಮೆ ಅಗೆದು ನೋಡೋಣ.