ಊರ್ಧ್ವ ಮಹಾಸಿರೆ: ಮುಖದ ಬಾವನ್ನು ಅಲಕ್ಷಿಸದಿರಿ



ತಲೆ, ಕುತ್ತಿಗೆ, ತೋಳು ಹಾಗೂ ಎದೆಯ ಮೇಲ್ಭಾಗದಲ್ಲಿ ಸಂಚರಿಸಿದ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ದೊಡ್ಡ ರಕ್ತನಾಳವೇ ಊರ್ಧ್ವ ಮಹಾಸಿರೆ. ಎದೆಯ ಬಲಭಾಗದಲ್ಲಿ, ಮೊದಲನೆಯ ಪಕ್ಕೆಲುಬಿನ ಮೃದ್ವಸ್ಥಿಯ ಹಿಂದೆ, ಎರಡು ಸಿರೆಗಳು ಕೂಡಿ ಇದು ಉಂಟಾಗುತ್ತದೆ. ಸುಮಾರು 7 ಸೆಂ.ಮೀ. ಕೆಳಗಿಳಿದು ಬಲ ಹೃತ್ಕರ್ಣವನ್ನು ಸೇರುತ್ತದೆ. ಇದರ ಭಿತ್ತಿ ತೆಳುವಾದುದು, ಒಳಗಿನ ಒತ್ತಡ ಅಲ್ಪವಾದುದು. ಆದುದರಿಂದ ಪಕ್ಕದಲ್ಲಿ ಗಡ್ಡೆ ಬೆಳೆದರೆ ಸುಲಭವಾಗಿ ಅದುಮಿಹೋಗುತ್ತದೆ.

ಹೀಗೆ ಅದುಮುವ ಗಡ್ಡೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪ್ರಮುಖವಾದುದು. ಅದಕ್ಕೆ ಮುಖ್ಯ ಕಾರಣ ಬೀಡಿ, ಸಿಗರೇಟುಗಳ ಹೊಗೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳು ಹೊಗೆಸೊಪ್ಪಿನ ಸೀಮೆ. ಬೆಳೆಯುವ ರೈತರನ್ನು ನಾವು ದೂಷಿಸುತ್ತಿಲ್ಲ. ಸೇದುವ ಚಟದ ವಿಷಯದಲ್ಲಿ ಎಚ್ಚರಿಸುತ್ತಿದ್ದೇವೆ. ಡಯಾಲಿಸಿಸ್ ನಳಿಕೆ ಅಥವಾ ಪೇಸ್‌ಮೇಕರ್ ತಂತಿಯ ಸುತ್ತ ರಕ್ತ ಹೆಪ್ಪುಗಟ್ಟಿದರೂ ಈ ಸಿರೆ ಮುಚ್ಚಬಹುದು.

ಲಕ್ಷಣಗಳನ್ನು ಮನೆಯವರೇ ಗುರುತಿಸಬಹುದು. ಬೆಳಿಗ್ಗೆ ಏಳುವಾಗ ಮುಖ, ಕಣ್ಣುರೆಪ್ಪೆಗಳು ಊದಿರುತ್ತವೆ. ಅಂಗಿಯ ಕೊರಳಪಟ್ಟಿ, ಕೈಬಳೆ, ಉಂಗುರಗಳು ಬಿಗಿಯಾಗುತ್ತವೆ. ಮಲಗಿದಾಗ ಅಥವಾ ನಮಸ್ಕಾರಕ್ಕೆ ಬಾಗಿದಾಗ ತಲೆ ಭಾರವಾಗಿ ಉಸಿರು ಕಟ್ಟುತ್ತದೆ. ಸಾಮಾನ್ಯವಾಗಿ ಕಾಲುಗಳಲ್ಲಿ ಬಾವು ಇರುವುದಿಲ್ಲ.

ಚರಕಸಂಹಿತೆಯ ವಿಮಾನಸ್ಥಾನವು ಸ್ರೋತೋದುಷ್ಟಿಗೆ ಅತಿಪ್ರವೃತ್ತಿ, ಸಂಗ, ಸಿರಾಗ್ರಂಥಿ, ವಿಮಾರ್ಗಗಮನ ಎಂಬ ನಾಲ್ಕು ಲಕ್ಷಣಗಳನ್ನು ಹೇಳುತ್ತದೆ. ಈ ರೋಗವನ್ನೇ ಅಲ್ಲಿ ವರ್ಣಿಸಿದೆ ಎಂದಲ್ಲ. ಆದರೆ ಕೊನೆಯ ಮೂರರ ಹೋಲಿಕೆಯನ್ನು ಇಲ್ಲಿ ಕಾಣಬಹುದು. ರಕ್ತದ ಹರಿವು ತಡೆಯುತ್ತದೆ, ಕುತ್ತಿಗೆಯ ಸಿರೆಗಳು ಉಬ್ಬುತ್ತವೆ, ರಕ್ತವು ಎದೆಯ ಚರ್ಮದಡಿಯ ಸಣ್ಣ ಸಿರೆಗಳಲ್ಲಿ ಬೇರೆ ದಾರಿ ಹಿಡಿಯುತ್ತದೆ.

ಬಾವು ಎಂದೊಡನೆ ಪುನರ್ನವದ ಕಷಾಯ ಕೇಳಿಕೊಂಡು ಬರುವವರು ಅನೇಕರು. ಪುನರ್ನವವು ಶೋಥಹರವೆಂಬುದು ನಿಜ. ಆದರೆ ಎದೆಯೊಳಗಿನ ಗಡ್ಡೆಯ ಒತ್ತಡವನ್ನು ಯಾವ ಕಷಾಯವೂ ತೆಗೆಯಲಾರದು. ಆಯುರ್ವೇದ ವೈದ್ಯರಾದ ನಾವೇ ಇದನ್ನು ಸ್ಪಷ್ಟವಾಗಿ ಹೇಳಬೇಕು. ಕಷಾಯದಲ್ಲಿ ಕಳೆದ ವಾರಗಳು ರೋಗಿಗೆ ಮರಳಿ ದೊರೆಯುವುದಿಲ್ಲ.

ಇಂತಹ ಲಕ್ಷಣ ಕಂಡವರು ಅದೇ ದಿನ ಮೈಸೂರಿನ ದೊಡ್ಡ ಆಸ್ಪತ್ರೆಗೆ ತೆರಳಿ ಎದೆಯ ಸಿ.ಟಿ. ಸ್ಕ್ಯಾನ್ ಬಗ್ಗೆ ವಿಚಾರಿಸಬೇಕು. ಉಸಿರಾಟದಲ್ಲಿ ಶಬ್ದವಾದರೆ, ಮಂಪರು ಕವಿದರೆ ಒಂದು ಗಳಿಗೆಯೂ ತಡಮಾಡಬಾರದು. ದಾರಿಯಲ್ಲಿ ರೋಗಿಯನ್ನು ಮಲಗಿಸದೆ ತಲೆ ಎತ್ತರಿಸಿ ಕೂರಿಸಿರಿ. ಸುಸ್ತೆಂದು ಊರಿನಲ್ಲಿಯೇ ತೋಳಿಗೆ ಗ್ಲೂಕೋಸ್ ಹಾಕಿಸಬೇಡಿರಿ. ಅದರಿಂದ ಬಾವು ಹೆಚ್ಚಬಹುದು. ಕಾರಣ ತಿಳಿದ ಮೇಲೆ ವಿಕಿರಣ, ಕೀಮೋಥೆರಪಿ ಅಥವಾ ಸ್ಟೆಂಟ್‌ನಿಂದ ಉಪಶಮನ ಸಾಧ್ಯ.

ಕಾಯಕ ನಡೆಯಲು ಕಾಯ ಬೇಕು. ಸೇದುವವರು ಇಂದೇ ಬಿಡಲಿ. ಮುಖ ಊದಿದವರು ನಾಳೆಗೆಂದು ಕಾಯದಿರಲಿ.