ಕೇಳಿ ಮಾಡಿದ ಯಂತ್ರ, ಕೇಳದೆ ಮಾಡಿದ ಯಂತ್ರ



ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದ ಕೃಷಿ ಮೇಳಕ್ಕೆ ಹೋದವರಿಗೆಲ್ಲ ಹೊಸ ಯಂತ್ರಗಳ ಸಾಲು ಕಣ್ಣಿಗೆ ಬಿದ್ದೇ ಇರುತ್ತದೆ. ಸಾಲ ಮಾಡಿ ತಂದ ಯಂತ್ರ ಎರಡು ಕೊಯ್ಲಿನೊಳಗೆ ಕೊಟ್ಟಿಗೆಯ ಮೂಲೆ ಸೇರುವುದೂ ಉಂಟು. ಯಂತ್ರ ಕೆಟ್ಟದ್ದೆಂದಲ್ಲ, ಬಳಸುವವರನ್ನು ಯಾರೂ ಮೊದಲು ಕೇಳಿರುವುದಿಲ್ಲ. ಈ ವಿಷಯದಲ್ಲಿ ನಾವು ಕಲಿಯಬೇಕಾದ ಪಾಠವೊಂದು ಬೆಂಗಳೂರಿನ ಉತ್ತರ ಭಾಗದಿಂದಲೇ ಹೊರಟಿದೆ.

ಯಶವಂತಪುರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಘಟಕ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ತರುವುದು ಅದರ ಗುರಿ. ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ ಅಸ್ತ್ರ ಒಲೆಯನ್ನು ನಮ್ಮಲ್ಲಿ ಹಿರಿಯರು ಬಲ್ಲರು.

ಇದೇ ತಂಡ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರಿಗೆಲ್ಲ ಸೇರಿದಂತೆ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತು. ಅಡಿಗೆಗೆ ಅನಿಲ ಕೊಟ್ಟರೆ ಹೆಂಗಸರ ಕಷ್ಟ ನೀಗುವುದೆಂದು ಅವರ ಎಣಿಕೆ. ಆದರೆ ಊರಿನಲ್ಲಿ ಸಿಕ್ಕ ಸಗಣಿಯಿಂದ ಎಲ್ಲ ಮನೆಗಳ ಎರಡು ಹೊತ್ತಿನ ಅಡಿಗೆಗೆ ಸಾಲುವಷ್ಟು ಅನಿಲ ಬರಲಿಲ್ಲ. ಸೌದೆಯನ್ನು ಜನ ಕಾಸು ಕೊಡದೆ ಆಯ್ದು ತರುತ್ತಿದ್ದರು. ಯೋಜನೆ ನಿಂತಿತು.

ಆಗ ವಿಜ್ಞಾನಿಗಳು ತಪ್ಪನ್ನು ಊರಿನವರ ಮೇಲೆ ಹೊರಿಸಲಿಲ್ಲ. ನಿಮಗೆ ಮೊದಲು ಬೇಕಾದದ್ದೇನೆಂದು ಕೇಳಿದರು. ಬಂದ ಉತ್ತರ ಅಡಿಗೆಯಲ್ಲ, ಕುಡಿಯುವ ನೀರು. 1987ರಲ್ಲಿ ಅದೇ ಅನಿಲವನ್ನು ಡೀಸೆಲ್ ಎಂಜಿನಿಗೆ ಕೊಟ್ಟು, ಸುಮಾರು 5 ಕಿಲೋವಾಟ್ ವಿದ್ಯುತ್ ತಯಾರಿಸಿ, ಕೊಳವೆ ಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಒದಗಿಸಲಾಯಿತು. ತಂದ ಸಗಣಿಯನ್ನು ತೂಗಿ, ಕಿಲೋಗೆ 2 ಪೈಸೆಯಂತೆ ಸಾಗಣೆ ಕೂಲಿ ಕೊಟ್ಟರು. ಬಗ್ಗಡ ಗೊಬ್ಬರವಾಗಿ ತಂದವರಿಗೇ ಮರಳಿತು. ಸ್ಥಾವರ ನಡೆಸಿದವರು ಊರಿನ ಯುವಕರೇ. ಸಗಣಿ ಅದೇ, ಸ್ಥಾವರ ಅದೇ, ಬದಲಾದದ್ದು ಉದ್ದೇಶ. ಅದನ್ನು ಗೊತ್ತು ಮಾಡಿದವರು ಬಳಸುವವರು.

ಇಂದು ದೊಡ್ಡ ಕಾರ್ಖಾನೆಗಳೂ ಗಿರಾಕಿಯನ್ನು ಕೂಡಿಸಿಕೊಂಡು ವಸ್ತು ರೂಪಿಸುವ ಮಾತಾಡುತ್ತಿವೆ. ಸಹಕಾರಿಗಳಾದ ನಮಗೆ ಇದು ಹೊಸದಾಗಬಾರದು. ಅಡಿಕೆ ಒಣಗಿಸುವ ಡ್ರೈಯರನ್ನೋ ಸುಲಿಯುವ ಯಂತ್ರವನ್ನೋ ಕೊಳ್ಳುವ ಮುನ್ನ ಮೂರು ಸಂಗತಿಗಳನ್ನು ಗಮನಿಸೋಣ:

1. ದಿನಕ್ಕೆ ನಮ್ಮಲ್ಲಿ ಬರುವ ಫಸಲೆಷ್ಟು, ಸೌದೆ ಅಥವಾ ವಿದ್ಯುತ್ ಎಷ್ಟು ಸಿಗುತ್ತದೆ? ಪುರದಲ್ಲಿ ಮೊದಲ ಲೆಕ್ಕ ತಪ್ಪಿದ್ದು ಇಲ್ಲಿಯೇ.

2. ಯಂತ್ರದ ಮುಂದೆ ಕೂರುವವರು ಯಾರು? ಹಣ ಕೊಡುವ ಯಜಮಾನರನ್ನಷ್ಟೇ ಕೇಳಿದರೆ ಸಾಲದು. ಅಡಿಕೆ ಸುಲಿಯುವ ಹೆಂಗಸರನ್ನೂ, ಅಂಗಳದಲ್ಲಿ ಕಾಫಿ ಹರವುವ ಆಳುಗಳನ್ನೂ ಕೇಳಬೇಕು. ಹಿಡಿಕೆಯ ಎತ್ತರ, ಸದ್ದು, ಒಡೆದ ಗೋಟು ಎಷ್ಟೆಂಬುದು ಅವರಿಗೆ ಮೊದಲು ತಿಳಿಯುತ್ತದೆ.

3. ಕೆಟ್ಟರೆ ರಿಪೇರಿ ಊರಿನಲ್ಲೇ ಆಗುವುದೋ?

ತಯಾರಕರು ಬಂದಾಗ ಒಂದು ಯಂತ್ರವನ್ನು ಒಬ್ಬ ಸಣ್ಣ ಬೆಳೆಗಾರರ ಅಂಗಳದಲ್ಲಿ ಒಂದು ಕೊಯ್ಲಿನವರೆಗೆ ಇಟ್ಟು, ನಾವು ಹೇಳಿದ ತಿದ್ದುಪಡಿ ಮಾಡಿಕೊಟ್ಟ ಮೇಲೆಯೇ ಖರೀದಿ ಎಂದು ಹೇಳೋಣ. ಒಬ್ಬರೇ ಹೇಳಿದರೆ ಯಾರೂ ಕಿವಿಗೊಡಲಾರರು. ಸಂಘವಾಗಿ ಹೇಳಿದರೆ ಕೇಳಲೇಬೇಕಾಗುತ್ತದೆ. ನಿಮ್ಮ ಕೊಟ್ಟಿಗೆಯ ಮೂಲೆ ಸೇರಿದ ಯಂತ್ರ ಏಕೆ ನಿಂತಿತೆಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಸಂಘದ ಕಚೇರಿಗೆ ಕಳುಹಿಸಿ. ಮುಂದಿನ ಖರೀದಿಗೆ ಅದೇ ನಮ್ಮ ಮೊದಲ ಪಾಠ.