ಆಟದ ಗಣಕಯಂತ್ರವೂ ಬಿಡಿಭಾಗಗಳ ಹೊಂದಿಕೆಯೂ

ಬಂಡಿಗೆ ಹೂಡುವ ಎರಡು ಎತ್ತುಗಳಲ್ಲಿ ಒಂದು ಬಲವಾದದ್ದು, ಇನ್ನೊಂದು ಎಳೆಗರು ಆದರೆ ನೊಗವು ಓರೆಯಾಗುವುದೇ ಹೊರತು ಬಂಡಿಯ ವೇಗ ಹೆಚ್ಚುವುದಿಲ್ಲ. ಈ ಮಾತು ನಮ್ಮ ಭಾಗದ ಒಕ್ಕಲುತನದವರಿಗೆಲ್ಲ ತಿಳಿದದ್ದೇ. ಆದರೆ ಇದೇ ಮಾತು ಗಣಕಯಂತ್ರಕ್ಕೂ ಸಲ್ಲುತ್ತದೆಂಬುದನ್ನು ಕೊಳ್ಳುವ ಹೊತ್ತಿನಲ್ಲಿ ಬಹುಮಂದಿ ಮರೆಯುತ್ತಾರೆ. ಸ್ವಲ್ಪ ಹಣದಲ್ಲಿ ಆಟಗಳನ್ನು ಆಡಬಲ್ಲ ಗಣಕಯಂತ್ರವನ್ನು ಕೂಡಿಸುವಾಗ ಯಾವ ಭಾಗ ಯಾವುದರೊಡನೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದನ್ನು ನನ್ನ ಅಲ್ಪ ಅನುಭವದ ಮೇಲಿಂದ ಸಹಪಾಠಿಗಳಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ಯಂತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ವ್ಯಾಕರಣ ಓದಿದವನಿಗೆ ಹೊಂದಿಕೆಯ ವಿಚಾರವು ಹೊಸದೇನಲ್ಲ. ನಮ್ಮ ಜಿಲ್ಲೆಯ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಆ ಅರಸರ ಆಶ್ರಯದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಸಲ್ಲದ ರೀತಿಯಲ್ಲಿ ಕೂಡಿಸಬಾರದೆಂದು ಎಚ್ಚರಿಸುತ್ತದೆ. ಅಂಥ ಕೂಟಕ್ಕೆ ಅರಿಸಮಾಸವೆಂದು ಹೆಸರು. ಅರಿಸಮಾಸದಲ್ಲಿ ಎರಡು ಪದಗಳೂ ತಮ್ಮಷ್ಟಕ್ಕೆ ಶುದ್ಧವೇ, ದೋಷವಿರುವುದು ಕೂಟದಲ್ಲಿ. ಗಣಕಯಂತ್ರದ ಅಂಗಡಿಯಲ್ಲಿಯೂ ಹೀಗೆಯೇ. ಒಂದೊಂದಾಗಿ ನೋಡಿದರೆ ಎಲ್ಲ ಭಾಗಗಳೂ ಉತ್ತಮವಾಗಿರುತ್ತವೆ, ಕೂಡಿಸಿದಾಗ ತೊಡಕು ಕಾಣಿಸಿಕೊಳ್ಳುತ್ತದೆ.

ಬೇರೆ ಬೇರೆ ಕಂಪನಿಗಳ ಭಾಗಗಳನ್ನು ತಂದು ಮನೆಯಲ್ಲಿಯೇ ಯಂತ್ರವನ್ನು ಕೂಡಿಸುವ ಸ್ವಾತಂತ್ರ್ಯವು ತಾನಾಗಿಯೇ ಬಂದದ್ದಲ್ಲ. 1981ರ ಆಗಸ್ಟಿನಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ರಚನೆಯನ್ನು ಬಹುಮಟ್ಟಿಗೆ ಬಹಿರಂಗವಾಗಿಯೇ ಇಟ್ಟಿತು. ಆದುದರಿಂದ ಇತರರು ಅದಕ್ಕೆ ಸೇರುವ ಭಾಗಗಳನ್ನು ತಯಾರಿಸತೊಡಗಿದರು. 1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಪಡಿಸಿತು. ಇಂಥ ಒಪ್ಪಂದಗಳಿಂದಲೇ ಇಂದು ಒಂದು ಕಂಪನಿಯ ಮದರ್‌ಬೋರ್ಡು ಇನ್ನೊಂದು ಕಂಪನಿಯ ಕ್ಯಾಬಿನೆಟ್ಟಿನಲ್ಲಿ ಕೂಡುತ್ತದೆ. ಆದರೆ ಕೊಳ್ಳುವವನು ಒಪ್ಪಂದದ ಕರಾರುಗಳನ್ನು ತಾನೇ ನೋಡಿಕೊಳ್ಳಬೇಕು.

ಇದಕ್ಕೆ ನಾನು ಕಣ್ಣಾರೆ ಕಂಡ ಒಂದು ಉದಾಹರಣೆಯನ್ನು ಕೊಡುತ್ತೇನೆ. ನಮ್ಮ ಶಹಾಬಜಾರದ ಓಣಿಯ ಹುಡುಗನೊಬ್ಬನು ಪಿಯುಸಿ ಮುಗಿಸಿದ ಮೇಲೆ ಆಟದ ಗಣಕಯಂತ್ರ ಬೇಕೆಂದು ಹಟ ಹಿಡಿದಿದ್ದನು. ತಂದೆಯದು ಹೊಲಿಗೆಯ ಕೆಲಸ. ಅವರು ಎರಡು ವರ್ಷ ಕೂಡಿಟ್ಟ ಹಣವನ್ನು ಮುಂದಿಟ್ಟು, "ನೋಡು ತಮ್ಮಾ, ಇಷ್ಟೇ ರೊಕ್ಕ ಅದ. ಇನ್ನೊಮ್ಮೆ ಕೊಡ್ಲಾಕ ನನ್ನ ಕೈಲಿ ಆಗಲ್ಲ. ನೀನೇ ಒಮ್ಮೆ ಇವನ ಪಟ್ಟಿ ನೋಡು" ಎಂದು ನನಗೆ ಹೇಳಿದರು. ಹುಡುಗನ ಪಟ್ಟಿಯಲ್ಲಿ ಇದ್ದದ್ದು ಹೀಗೆ: ಇಂಟೆಲ್ ಕೋರ್ ಐ5-12400ಎಫ್ ಪ್ರೊಸೆಸರ್, ಎಚ್610 ಜಾತಿಯ, ಡಿಡಿಆರ್4 ತೆಗೆದುಕೊಳ್ಳುವ ಮದರ್‌ಬೋರ್ಡು, 16 ಜಿಬಿಯ ಒಂದು ಡಿಡಿಆರ್5 ರ‍್ಯಾಮ್, ಕ್ಯಾಬಿನೆಟ್ಟಿನ ಸಂಗಡವೇ ಬರುವ ಹೆಸರಿಲ್ಲದ ಎಸ್‌ಎಂಪಿಎಸ್, ಮತ್ತು 27 ಅಂಗುಲದ ಹೊಸ ಮಾನಿಟರ್. ಗ್ರಾಫಿಕ್ಸ್ ಕಾರ್ಡನ್ನು ಬರುವ ವರ್ಷ ಕೊಂಡರಾಯಿತೆಂಬುದು ಅವನ ಲೆಕ್ಕ.

ಈ ಪಟ್ಟಿಯಂತೆ ಕೊಂಡಿದ್ದರೆ ಆ ಯಂತ್ರವು ಒಂದು ದಿನವೂ ನಡೆಯುತ್ತಿರಲಿಲ್ಲ. ಮೊದಲನೆಯದಾಗಿ, ಡಿಡಿಆರ್4 ಮತ್ತು ಡಿಡಿಆರ್5 ರ‍್ಯಾಮ್‌ಗಳೆರಡಕ್ಕೂ 288 ಸಂಪರ್ಕಬಿಂದುಗಳಿದ್ದು, ನೋಡಲು ಅಕ್ಕತಂಗಿಯರಂತೆ ಇದ್ದರೂ ಅಂಚಿನ ಕಚ್ಚು ಬೇರೆ ಬೇರೆ ಸ್ಥಳದಲ್ಲಿರುತ್ತದೆ. ಒಂದು 1.2 ವೋಲ್ಟಿನಲ್ಲಿ, ಇನ್ನೊಂದು 1.1 ವೋಲ್ಟಿನಲ್ಲಿ ನಡೆಯುವಂತೆ ರಚಿತವಾದದ್ದು. ಆದುದರಿಂದ ಒಂದರ ಗೂಡಿನಲ್ಲಿ ಇನ್ನೊಂದು ಕೂಡುವುದೇ ಇಲ್ಲ. ಎರಡನೆಯದಾಗಿ, ಇಂಟೆಲ್ ಪ್ರೊಸೆಸರಿನ ಅಂಕಿಯ ಕೊನೆಯಲ್ಲಿರುವ 'ಎಫ್' ಅಕ್ಷರದ ಅರ್ಥವು ಇದರಲ್ಲಿ ಚಿತ್ರವನ್ನು ಮೂಡಿಸುವ ಅಂಗವಿಲ್ಲವೆಂಬುದು. ಗ್ರಾಫಿಕ್ಸ್ ಕಾರ್ಡು ಬರುವ ತನಕ ವರ್ಷವಿಡೀ ಪರದೆಯು ಕಪ್ಪಾಗಿಯೇ ಉಳಿಯುತ್ತಿತ್ತು. ಪೆಟ್ಟಿಗೆ ಒಡೆದ ಮಾಲನ್ನು ಅಂಗಡಿಯವರು ಸುಲಭವಾಗಿ ಹಿಂದಕ್ಕೆ ಪಡೆಯುವುದಿಲ್ಲ. ಹೀಗಿರುವಲ್ಲಿ ಒಂದು ಅಕ್ಷರವನ್ನು ಓದದೆ ಬಿಡುವುದರಿಂದ ಬಡವರ ಮನೆಯ ಎರಡು ವರ್ಷದ ಉಳಿತಾಯಕ್ಕೆ ಕುತ್ತು ಬರುತ್ತದೆ.

ಹಾಗಾದರೆ ಆಯ್ಕೆಯನ್ನು ಎಲ್ಲಿಂದ ಆರಂಭಿಸಬೇಕು? ಸಾಮಾನ್ಯವಾಗಿ ಎಲ್ಲರೂ ಪ್ರೊಸೆಸರಿನಿಂದ ಆರಂಭಿಸುತ್ತಾರೆ. ಪರದೆಯಿಂದ ಆರಂಭಿಸುವುದು ಲೇಸೆಂದು ನನ್ನ ಅಭಿಪ್ರಾಯ. 1920×1080 ಅಳತೆಯ ಪರದೆಯಲ್ಲಿ ಸುಮಾರು 20.7 ಲಕ್ಷ ಬಿಂದುಗಳಿರುತ್ತವೆ. 2560×1440 ಆದರೆ ಸುಮಾರು 36.9 ಲಕ್ಷ. ಗ್ರಾಫಿಕ್ಸ್ ಕಾರ್ಡು ಈ ಬಿಂದುಗಳನ್ನು ಸೆಕೆಂಡಿಗೆ ಹತ್ತಾರು ಬಾರಿ ಹೊಸದಾಗಿ ತುಂಬಬೇಕು. ಪರದೆ ದೊಡ್ಡದಾದಷ್ಟೂ ಕಾರ್ಡಿನ ಹೊರೆ ಹೆಚ್ಚುವುದಿಲ್ಲ. ಬಿಂದುಗಳು ಹೆಚ್ಚಿದಷ್ಟೂ ಹೆಚ್ಚುತ್ತದೆ. ಹುಡುಗನ ಮನೆಯಲ್ಲಿ ಎಚ್‌ಡಿಎಂಐ ತಂತಿ ಕೂಡುವ, 1920×1080 ಅಳತೆಯ ಟಿವಿ ಮೊದಲೇ ಇತ್ತು. ಮಾನಿಟರನ್ನು ಪಟ್ಟಿಯಿಂದ ತೆಗೆದು, ಆ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆ ತಿರುಗಿಸಿದೆವು. ಆಟದ ಯಂತ್ರದಲ್ಲಿ ಒಟ್ಟು ಹಣದ ಹತ್ತು ಪಾಲಿನಲ್ಲಿ ನಾಲ್ಕು ಪಾಲು ಕಾರ್ಡಿಗೆ, ಎರಡು ಪಾಲು ಪ್ರೊಸೆಸರಿಗೆ ಹೋದರೆ ಜೋಡಿ ಸರಿಯಾಗುತ್ತದೆ. ಬೆಲೆಗಳು ದಿನದಿನಕ್ಕೆ ಬದಲಾಗುತ್ತವೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆಯು ಬಹಳ ಏರಿದುದನ್ನು ಎಲ್ಲರೂ ಕಂಡರು. ಆದುದರಿಂದ ಇಲ್ಲಿ ಬೆಲೆಯನ್ನು ಹೇಳದೆ ಪಾಲನ್ನು ಮಾತ್ರ ಹೇಳಿದ್ದೇನೆ.

ಕಾರ್ಡನ್ನು ಈಗಲೇ ಕೊಳ್ಳಲಾಗದವರಿಗೆ ಬೇರೆ ದಾರಿಯೂ ಉಂಟು. ಎಎಂಡಿ ಸಂಸ್ಥೆಯ ರೈಜೆನ್ 5 5600ಜಿ ಪ್ರೊಸೆಸರಿನಲ್ಲಿ ಚಿತ್ರದ ಅಂಗವು ಒಳಗೇ ಇದೆ. ಹಗುರವಾದ ಆಟಗಳು ಅದರಲ್ಲಿಯೇ ನಡೆಯುತ್ತವೆ. ಆದರೆ 'ಜಿ' ಇಲ್ಲದ 5600ಕ್ಕೆ 32 ಎಂಬಿ ಎಲ್3 ಕ್ಯಾಶ್ ಇದ್ದರೆ ಇದಕ್ಕೆ 16 ಎಂಬಿ ಮಾತ್ರ. ಮುಂದೆ ಕಾರ್ಡು ಹಾಕಿದಾಗ ಅದು ತುಸು ಹಿಂದೆ ಬೀಳುತ್ತದೆ. ಇಂದಿನ ಅನುಕೂಲಕ್ಕಾಗಿ ನಾಳಿನ ಶಕ್ತಿಯನ್ನು ಸ್ವಲ್ಪ ಬಿಟ್ಟುಕೊಡಬೇಕೆಂದು ತಿಳಿದು ಕೊಂಡರೆ ಅಡ್ಡಿಯಿಲ್ಲ.

ಪ್ರೊಸೆಸರು ಮತ್ತು ಮದರ್‌ಬೋರ್ಡು ಕೂಡುವ ಸ್ಥಳಕ್ಕೆ ಸಾಕೆಟ್ ಎನ್ನುತ್ತಾರೆ. ಎಎಂಡಿಯ ಎಎಂ4 ಸಾಕೆಟ್ಟಿಗೆ ಡಿಡಿಆರ್4, 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ಎಂದು ನಿಯಮ ಸರಳವಾಗಿದೆ. ಇಂಟೆಲಿನ ಎಲ್‌ಜಿಎ1700 ಸಾಕೆಟ್ಟಿನಲ್ಲಿ ಮಾತ್ರ ಎರಡು ಬಗೆಯ ಬೋರ್ಡುಗಳೂ ಇವೆ. ಹುಡುಗನ ಪಟ್ಟಿಯ ತೊಡಕು ಹುಟ್ಟಿದ್ದು ಇಲ್ಲಿಯೇ. ಸಾಕೆಟ್ ಒಂದೇ ಆದರೂ ಇನ್ನೊಂದು ಮಾತನ್ನು ನೋಡಬೇಕು. ಬಿ450 ಬೋರ್ಡುಗಳು ಬಂದದ್ದು 2018ರಲ್ಲಿ, ರೈಜೆನ್ 5000 ಸಾಲಿನ ಪ್ರೊಸೆಸರುಗಳು 2020ರಲ್ಲಿ. ಹಳೆಯ ದಾಸ್ತಾನಿನ ಬೋರ್ಡಿಗೆ ಹೊಸ ಪ್ರೊಸೆಸರಿನ ಗುರುತು ಸಿಗಬೇಕಾದರೆ ಬಯಾಸ್ ಎಂಬ ಮೂಲ ತಂತ್ರಾಂಶವನ್ನು ಹೊಸದು ಮಾಡಬೇಕು. ಬೋರ್ಡಿನ ತಯಾರಕರು ತಮ್ಮ ಜಾಲತಾಣದಲ್ಲಿ ಕೊಟ್ಟಿರುವ ಪ್ರೊಸೆಸರುಗಳ ಯಾದಿಯನ್ನು ನೋಡಿ, ಅಂಗಡಿಯವರಿಂದಲೇ ಅದನ್ನು ಮಾಡಿಸಿಕೊಳ್ಳುವುದು ಕ್ಷೇಮ.

ರ‍್ಯಾಮ್ 16 ಜಿಬಿ ಬೇಕೆಂದಾದರೆ 8 ಜಿಬಿಯ ಎರಡು ಪಟ್ಟಿಗಳನ್ನು ಹಾಕುವುದು ಉತ್ತಮ. ಎರಡು ಬಾವಿಗಳಿಂದ ಒಮ್ಮೆಲೇ ನೀರು ಸೇದಿದಂತೆ ಪ್ರೊಸೆಸರಿಗೆ ಎರಡು ದಾರಿಗಳಿಂದ ಮಾಹಿತಿ ಬರುತ್ತದೆ. ಕಾರ್ಡಿಲ್ಲದ ಯಂತ್ರದಲ್ಲಿ ಇದರ ಪ್ರಯೋಜನ ಇನ್ನೂ ಹೆಚ್ಚು. ಎಸ್‌ಎಸ್‌ಡಿ ಕೊಳ್ಳುವಾಗ ಎಂ.2 ಎಂಬ ಹೆಸರೊಂದನ್ನೇ ನೆಚ್ಚಬಾರದು. ಅದೇ ಆಕಾರದಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಪಂಗಡಗಳಿವೆ. ಬೋರ್ಡು ಯಾವುದನ್ನು ಒಪ್ಪುತ್ತದೆಂದು ಅದರ ಕೈಪಿಡಿಯಲ್ಲಿ ಬರೆದಿರುತ್ತದೆ.

ಈಗ ವಿದ್ಯುತ್ತಿನ ಲೆಕ್ಕಕ್ಕೆ ಬರೋಣ. ಹುಡುಗನಿಗಾಗಿ ಆಯ್ದ ಕಾರ್ಡು ಎಎಂಡಿಯ ಆರ್‌ಎಕ್ಸ್ 6600. ಅದರ ಬಳಕೆ 132 ವ್ಯಾಟ್. 12400ಎಫ್ ಹೆಚ್ಚೆಂದರೆ 117 ವ್ಯಾಟ್ ಸೆಳೆಯುತ್ತದೆ. ಉಳಿದದ್ದಕ್ಕೆಲ್ಲ 50 ವ್ಯಾಟ್ ಹಿಡಿದರೆ ಒಟ್ಟು ಸುಮಾರು 300 ವ್ಯಾಟ್. ಎಸ್‌ಎಂಪಿಎಸ್ ಅನ್ನು ಅದರ ಶಕ್ತಿಯ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ದುಡಿಸದಿರುವುದು ಒಳ್ಳೆಯದಾದುದರಿಂದ 450 ಅಥವಾ 500 ವ್ಯಾಟಿನದು ಬೇಕು. ಆದರೆ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನೇ ನಂಬಬಾರದು. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಸಾಲಿಗೆ ಎಷ್ಟು ಆಂಪಿಯರ್ ಎಂದು ನೋಡಿ ಗುಣಿಸಬೇಕು. ಅಲ್ಲಿ 18 ಆಂಪಿಯರ್ ಎಂದಿದ್ದರೆ ದೊರೆಯುವುದು 216 ವ್ಯಾಟ್ ಮಾತ್ರ. ಪ್ರೊಸೆಸರು ಮತ್ತು ಕಾರ್ಡುಗಳೆರಡೂ ಬಾಯಿ ಹಾಕುವುದು ಈ ಸಾಲಿಗೇ. ಬೋರ್ಡಿನ ಗೂಡು ಕಾರ್ಡಿಗೆ 75 ವ್ಯಾಟ್ ಮಾತ್ರ ಕೊಡಬಲ್ಲದು. ಮಿಕ್ಕದ್ದಕ್ಕೆ ಎಂಟು ಕಡ್ಡಿಗಳ ಪ್ರತ್ಯೇಕ ತಂತಿ ಬೇಕು. ಕಚೇರಿಗಳಿಂದ ಹೊರಬಂದ ಹಳೆಯ ಯಂತ್ರಗಳನ್ನು ಅಗ್ಗಕ್ಕೆ ಕೊಂಡು ಕಾರ್ಡು ಹಾಕಬೇಕೆನ್ನುವವರು ಈ ತಂತಿ ಇದೆಯೇ ಎಂದು ಮೊದಲು ನೋಡತಕ್ಕದ್ದು.

ನಮ್ಮಲ್ಲಿ ವೋಲ್ಟೇಜು ಏರಿಳಿಯುವುದೂ ಕರೆಂಟು ಹೋಗುವುದೂ ಹೊಸತಲ್ಲವಾದ್ದರಿಂದ ಯುಪಿಎಸ್ ಇರಬೇಕು. 600 ವಿಎ ಎಂದು ಬರೆದದ್ದು 600 ವ್ಯಾಟ್ ಅಲ್ಲ. ಸಾಮಾನ್ಯವಾಗಿ ಅದರಿಂದ ಸಿಗುವುದು 360 ವ್ಯಾಟ್. 300 ವ್ಯಾಟಿನ ಯಂತ್ರವು ಗೋಡೆಯಿಂದ 350 ವ್ಯಾಟಿನವರೆಗೂ ಸೆಳೆಯಬಹುದು, ಮೇಲೆ ಟಿವಿಯೂ ಇದೆ. ಆಟದ ಯಂತ್ರಕ್ಕೆ 1000 ವಿಎ ಆದರೆ ನಿಶ್ಚಿಂತೆ.

ಕಲಬುರಗಿಯಲ್ಲಿ ಇರುವವರು ಮರೆಯಬಾರದ ಮತ್ತೊಂದು ಸಂಗತಿಯೆಂದರೆ ಬಿಸಿಲು. ತಣ್ಣನೆಯ ಊರುಗಳಲ್ಲಿ ಮಾಡಿದ ಪರೀಕ್ಷೆಯ ಫಲಿತಾಂಶಗಳು ಮೇ ತಿಂಗಳಲ್ಲಿ ನಮಗೆ ಸಲ್ಲುವುದಿಲ್ಲ. ಪ್ರೊಸೆಸರು ಕೋಣೆಯ ಶಾಖಕ್ಕಿಂತ 45 ಡಿಗ್ರಿ ಹೆಚ್ಚು ಕಾಯುವುದಾದರೆ, 25 ಡಿಗ್ರಿಯ ಕೋಣೆಯಲ್ಲಿ ಅದು 70 ಡಿಗ್ರಿಯಲ್ಲಿ ನಿಲ್ಲುತ್ತದೆ. ನಮ್ಮ 40 ಡಿಗ್ರಿಯ ಕೋಣೆಯಲ್ಲಿ 85ಕ್ಕೆ ಮುಟ್ಟುತ್ತದೆ. ಮಿತಿ ಸಮೀಪಿಸಿದೊಡನೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ; ಕೊಟ್ಟ ಹಣದ ಒಂದಂಶವು ಬೇಸಿಗೆಯಲ್ಲಿ ವ್ಯರ್ಥವಾಗುತ್ತದೆ. ಆದುದರಿಂದ ಮುಂಭಾಗವೆಲ್ಲ ಗಾಜಿನಿಂದ ಮುಚ್ಚಿದ ಚೆಂದದ ಕ್ಯಾಬಿನೆಟ್ಟಿಗಿಂತ ಜಾಲರಿಯ ಮುಖವುಳ್ಳದ್ದೇ ಮೇಲು. ಮುಂದಿನಿಂದ ಗಾಳಿ ಎಳೆಯಲು ಒಂದು ಫ್ಯಾನು, ಹಿಂದೆ ಹೊರದೂಡಲು ಒಂದು ಇರಬೇಕು. ಶಹಾಬಾದ್ ಫರಸಿಯ ನೆಲ ತಂಪೆಂದು ಯಂತ್ರವನ್ನು ನೆಲದ ಮೇಲಿಟ್ಟರೆ ಧೂಳು ಒಳಸೇರುತ್ತದೆ. ಮೇಜಿನ ಮೇಲಿಡಬೇಕು, ತಿಂಗಳಿಗೊಮ್ಮೆ ಜಾಲರಿಯನ್ನು ಒರೆಸಬೇಕು. ಕ್ಯಾಬಿನೆಟ್ಟಿನ ಅಳತೆಯೂ ಮುಖ್ಯ. ಎಟಿಎಕ್ಸ್ ಬೋರ್ಡು 305×244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244×244. ಕಾರ್ಡಿನ ಉದ್ದಕ್ಕೂ ಕೂಲರಿನ ಎತ್ತರಕ್ಕೂ ಕ್ಯಾಬಿನೆಟ್ಟಿನಲ್ಲಿ ಎಷ್ಟು ಜಾಗವಿದೆಯೆಂದು ಮೊದಲೇ ಓದಿಕೊಳ್ಳಬೇಕು.

ಹುಡುಗನ ಪಟ್ಟಿ ಕೊನೆಗೆ ಹೀಗೆ ನಿಂತಿತು: ಪ್ರೊಸೆಸರು, ಬೋರ್ಡು ಅವನು ಬಯಸಿದವೇ, ರ‍್ಯಾಮ್ 8 ಜಿಬಿಯ ಎರಡು ಡಿಡಿಆರ್4, ಆರ್‌ಎಕ್ಸ್ 6600, ಚೀಟಿ ಓದಿ ಆರಿಸಿದ 500 ವ್ಯಾಟಿನ ಎಸ್‌ಎಂಪಿಎಸ್, ಜಾಲರಿಯ ಕ್ಯಾಬಿನೆಟ್ಟು. ಕೆಲವು ಭಾಗಗಳು ಸೂಪರ್ ಮಾರ್ಕೆಟ್ ಕಡೆಯಲ್ಲಿ ಸಿಕ್ಕವು. ಉಳಿದವುಗಳಿಗಾಗಿ ರೈಲು ಹತ್ತಿ ಸಿಕಂದರಾಬಾದಿಗೆ ಹೋಗಿಬಂದೆವು. ಹೆಚ್ಚಿನ ಹಣವೇನೂ ಬೇಕಾಗಲಿಲ್ಲ. ಮಾನಿಟರಿನ ಆಸೆಯನ್ನು ಬಿಡಬೇಕಾಯಿತು, ಅಷ್ಟೇ. ಈಗ ಮನೆಯವರು ಧಾರಾವಾಹಿ ನೋಡುವ ಹೊತ್ತಿನಲ್ಲಿ ಅವನ ಆಟ ನಿಲ್ಲುತ್ತದೆ. ಇದರಿಂದ ಓದಿಗೂ ಸ್ವಲ್ಪ ಕಾಲ ದೊರೆತಿದೆಯೆಂದು ಅವನ ತಾಯಿ ಹೇಳುತ್ತಾರೆ.

ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೇ. ಹಣ ಕೊಡುವ ಮುನ್ನ ಒಂದು ಹಾಳೆಯ ಮೇಲೆ ಎಲ್ಲ ಭಾಗಗಳ ಪೂರ್ಣ ಹೆಸರನ್ನು ಕೊನೆಯ ಅಕ್ಷರದ ಸಹಿತ ಬರೆಯಿರಿ. ಸಾಕೆಟ್ ಒಂದೇ ಆಗಿದೆಯೇ, ರ‍್ಯಾಮ್ ಜಾತಿ ಕೂಡುತ್ತದೆಯೇ, ಚಿತ್ರ ಮೂಡಿಸುವ ಅಂಗ ಎಲ್ಲಿದೆ, ಬಯಾಸ್ ಹೊಸದೇ, 12 ವೋಲ್ಟಿನ ಸಾಲು ಸಾಕೇ, ಕಾರ್ಡಿಗೆ ತಂತಿಯುಂಟೇ, ಪೆಟ್ಟಿಗೆಯಲ್ಲಿ ಸ್ಥಳವೂ ಗಾಳಿಯೂ ಉಂಟೇ—ಈ ಏಳು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಅಂಗಡಿಯ ಮೆಟ್ಟಿಲು ಹತ್ತಿರಿ. ರಸೀದಿಯನ್ನೂ ಪೆಟ್ಟಿಗೆಗಳನ್ನೂ ಜೋಪಾನವಾಗಿಡಿ. ಉಳ್ಳವರು ತಪ್ಪಿದರೆ ಇನ್ನೊಂದನ್ನು ಕೊಂಡಾರು. ನಮ್ಮಂಥವರು ಕೊಳ್ಳುವುದು ಒಂದೇ ಸಲವಾದುದರಿಂದ ಒಂದು ಸಂಜೆ ಕುಳಿತು ಓದುವ ಶ್ರಮವನ್ನು ಉಳಿಸಬಾರದು.